ಚಿನ್ನದ ಹುಲಿ ಅಲ್ಲ ಸ್ವಾಮಿ, ಮರದ ಹುಲಿ!

ಶ್ರೀರಂಗಪಟ್ಟಣದ ವಾಟರ್ ಗೇಟಿನ ಬಳಿ ನಿಂತು ಪ್ರವಾಸಿಗಳಿಗೆ ಟಿಪ್ಪುವಿನ ಕಥೆ ಹೇಳುವ ಹಿರಿಯ ಗೈಡ್ ಒಬ್ಬರಿದ್ದಾರೆ. ಹೆಸರು ಹಾಕಬೇಡಿ ಎಂದು ಕೈಮುಗಿದು ಕೇಳಿಕೊಂಡಿರುವುದರಿಂದ ಹೆಸರು ಬರೆಯುತ್ತಿಲ್ಲ. ಊರವರು ಗೈಡಣ್ಣ ಎನ್ನುತ್ತಾರೆ, ನಾವೂ ಹಾಗೇ ಅನ್ನೋಣ. ನಲವತ್ತು ವರ್ಷದ ಸರ್ವೀಸು. ಅವರ ಕಥೆಯ ಕೊನೆಯ ಭಾಗ ಅಲ್ಲಿನ ಕಡಲೆಕಾಯಿ ಮಾರುವ ಹುಡುಗರಿಗೂ ಬಾಯಿಪಾಠ.

"ಆಳುದ್ದದ ಅಪ್ಪಟ ಚಿನ್ನದ ಹುಲಿ ಸ್ವಾಮಿ! ಲಂಡನ್ನಿಗೆ ಹೊತ್ಕೊಂಡು ಹೋದ್ರು. ಇವತ್ತಿಗೂ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಗರ್ಜಿಸುತ್ತೆ!"

ಇಲ್ಲಿಗೆ ಬರುವಷ್ಟರಲ್ಲಿ ಕೇಳುವವರ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

ಈ ಕಥೆಯ ಬಾಲ ಈಗ ಬದಲಾಗಿದೆ ಎಂಬ ಸುದ್ದಿ ನಮ್ಮ ಕಿವಿಗೆ ಬಿತ್ತು. ಜೊತೆಯ ಗೈಡುಗಳಿಗೆ ಸಿಟ್ಟೂ ಬಂದಿದೆಯಂತೆ. ಏನು ಸಮಾಚಾರ ಎಂದು ಕೇಳಲು ಕಳೆದ ಭಾನುವಾರ ಅವರ ಮನೆ ಜಗಲಿಗೇ ಹೋಗಿ ಕುಳಿತೆವು. ಕಾಫಿ ಬಂತು, ಜೊತೆಗೆ ಕಥೆಯೂ ಬಂತು.

ಹೊರಟಿತು ಸವಾರಿ

ಗೈಡಣ್ಣನವರ ಮಗಳು ಅಳಿಯ ಲಂಡನ್ನಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಒಂಬತ್ತು ವರ್ಷದ ಮೊಮ್ಮಗಳು ಅಲ್ಲೇ ಶಾಲೆಗೆ ಹೋಗುತ್ತಾಳೆ. 2023ರ ಜೂನ್ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಮಗಳು ಕರೆಸಿಕೊಂಡಳು. ಹುಳಿಪುಡಿ, ಚಟ್ನಿಪುಡಿ, ಒಂದು ಡಬ್ಬ ಕಜ್ಜಾಯದೊಂದಿಗೆ ಸವಾರಿ ಹೊರಟಿತು.

ಅಲ್ಲಿ ಇಳಿದ ದಿನದಿಂದಲೇ ಯಜಮಾನಿತಿಗೆ ಫಜೀತಿ. ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗುವುದಿಲ್ಲ. "ಇನ್ನೂ ಬಿಸಿಲೈತೆ, ದೇವರ ಮುಂದೆ ದೀಪ ಹಚ್ಚೋದು ಯಾವಾಗ್ಲೆ?" ಎಂದು ಮಗಳನ್ನು ಕೇಳಿದರಂತೆ. "ಗಡಿಯಾರ ನೋಡಿ ಹಚ್ಚಮ್ಮ" ಎಂದಳಂತೆ ಮಗಳು.

ಗೈಡಣ್ಣನ ಫಜೀತಿ ಬಸ್ಸಿನಲ್ಲಿ. ಕೆಂಪು ಡಬಲ್ ಡೆಕ್ಕರ್ ಹತ್ತಿ ನೋಟು ಚಾಚಿದರೆ ಡ್ರೈವರ್ ತಲೆ ಅಲ್ಲಾಡಿಸಿದ. 2014ರಿಂದ ಆ ಊರ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ. ಕಾರ್ಡು ಮುಟ್ಟಿಸಬೇಕು, ಅಷ್ಟೆ. ಮಗುವಿಗೆ ಟಿಕೇಟೇ ಇಲ್ಲ. "ಚಿಲ್ಲರೆ ಇಲ್ಲ, ಇಳೀರಿ ಅನ್ನೋ ಮಾತೇ ಇಲ್ಲ ಸಾ" ಎಂದು ಗೈಡಣ್ಣ ಈಗಲೂ ಬೆರಗಾಗುತ್ತಾರೆ. ನೆಲದೊಳಗಿನ ರೈಲನ್ನೂ ಹತ್ತಿದರು. 1863ರಲ್ಲಿ ಶುರುವಾದ ರೈಲದು, ಜಗತ್ತಿನಲ್ಲೇ ಮೊದಲನೆಯದು.

ನೆಲವೇ ಓಡಿಸಿತು

ಪಾರ್ಲಿಮೆಂಟಿನ ಗಡಿಯಾರದ ಗೋಪುರ ನೋಡಿದರು. ಬಿಗ್ ಬೆನ್ ಎಂಬುದು ಗೋಪುರದ ಹೆಸರಲ್ಲ, ಒಳಗಿರುವ ಗಂಟೆಯ ಹೆಸರು ಎಂಬುದು ಅಲ್ಲೇ ಗೊತ್ತಾದ ವಿಷಯ. ಗೋಪುರಕ್ಕೆ 2012ರಲ್ಲಿ ಎಲಿಜಬೆತ್ ರಾಣಿಯ ಹೆಸರಿಟ್ಟಿದ್ದಾರೆ. ಥೇಮ್ಸ್ ನದಿ ದಾಟಿ ಆಚೆ ದಡಕ್ಕೆ ಹೋದರೆ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು. ಕಲಬುರಗಿ ಕಡೆಯವರಾದ, ಅಲ್ಲಿನ ಲ್ಯಾಂಬೆತ್ ವಿಭಾಗದ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರು ಇದಕ್ಕಾಗಿ ಓಡಾಡಿದವರು. "ಇಷ್ಟು ದೂರ ಬಂದ್ರೂ ನಮ್ಮೋರೊಬ್ಬರು ಸಿಕ್ಕಿದ್ರು" ಎಂದು ಯಜಮಾನಿತಿ ಕೈಮುಗಿದರಂತೆ.

ಟವರ್ ಆಫ್ ಲಂಡನ್ ಕೋಟೆಗೆ ಮಾತ್ರ ದುಬಾರಿ ಟಿಕೇಟು. ಅಳಿಯ ಬೆಲೆ ಹೇಳದೆ ಕರೆದುಕೊಂಡು ಹೋದ. ಒಳಗೆ ರಾಜಮಾತೆಯ ಕಿರೀಟದಲ್ಲಿ ಕೋಹಿನೂರ್. ಕಿರೀಟಗಳ ಮುಂದೆ ಜನ ಗುಂಪು ಕಟ್ಟದಿರಲೆಂದು ನೆಲವೇ ಚಲಿಸುವಂತೆ ಮಾಡಿದ್ದಾರೆ. "ನಮ್ಮ ದೇಶದ ವಜ್ರ ನೋಡೋಣಾಂತ ನಿಂತ್ರೆ ಕಾಲ ಕೆಳಗಿನ ನೆಲವೇ ನಮ್ಮನ್ನ ಓಡಿಸ್ತು ಕಣಪ್ಪ" ಎಂದು ಒಳಗಿನಿಂದ ಯಜಮಾನಿತಿ ದನಿಗೂಡಿಸಿದರು. ಬಿಡದೆ ಮೂರು ಸುತ್ತು ಬಂದು ನೋಡಿದರಂತೆ!

ಗಾಜಿನ ಪೆಟ್ಟಿಗೆಯ ಮುಂದೆ

ಆದರೆ ಗೈಡಣ್ಣನ ಮನಸ್ಸೆಲ್ಲ ಹುಲಿಯ ಮೇಲೆ. ಮೊಮ್ಮಗಳು ತಾತನಿಂದ ಫೋನಿನಲ್ಲಿ ಕಥೆ ಕೇಳಿ ಕೇಳಿ ತನ್ನ ತರಗತಿಯಲ್ಲೂ ಹೇಳಿಬಿಟ್ಟಿದ್ದಳು, ನಮ್ಮ ತಾತನ ಊರಿನ ಚಿನ್ನದ ಹುಲಿ ಇದೇ ಊರಿನಲ್ಲಿದೆ ಎಂದು. ನಾಲ್ಕನೆಯ ದಿನ ಎಲ್ಲರೂ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದರು. ಟಿಕೇಟಿಲ್ಲ, ಸುಮ್ಮನೆ ಒಳಗೆ ಹೋಗಬಹುದು.

ಅಲ್ಲಿತ್ತು ಹುಲಿ. ಗಾಜಿನ ಪೆಟ್ಟಿಗೆಯಲ್ಲಿ, ಅಂಗಾತ ಬಿದ್ದ ಬಿಳಿಯ ಸಿಪಾಯಿಯ ಮೇಲೆ ನಿಂತು ಅವನ ಕುತ್ತಿಗೆಗೆ ಬಾಯಿ ಹಾಕಿತ್ತು.

"ತಾತ, ಇದು ಚಿನ್ನದ್ದಲ್ಲ. ಮರದ್ದು" ಎಂದಿತು ಮಗು.

ಹೌದು. ಮರವನ್ನು ಕೆತ್ತಿ ಬಣ್ಣ ಹಚ್ಚಿದ್ದು. ಎತ್ತರ ಸುಮಾರು 71 ಸೆಂಟಿಮೀಟರ್. ಪಕ್ಕದಲ್ಲೊಂದು ಹಿಡಿ. ಅದನ್ನು ತಿರುಗಿಸಿದರೆ ಹೊಟ್ಟೆಯೊಳಗಿನ ತಿದಿಗಳು ಗಾಳಿ ಊದಿ ಹುಲಿ ಗುರುಗುಟ್ಟುತ್ತದೆ, ಸಿಪಾಯಿ ನರಳುತ್ತಾನೆ, ಅವನ ಕೈ ಏಳುತ್ತದೆ, ಬೀಳುತ್ತದೆ. ಪಕ್ಕೆಯೊಳಗೆ ಹಾರ್ಮೋನಿಯಂ ಮನೆಯಂಥ ಕೀಲಿಗಳೂ ಇವೆ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ಮೇಲೆ ಹುಲಿ ಕಂಪನಿಯವರ ಕೈ ಸೇರಿತು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಜನರಿಗೆ ತೋರಿಸಿದರು. ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಅಲ್ಲೇ ಓದುತ್ತಾ ಕುಳಿತವರಿಗೆ ತಲೆನೋವು ತಂದರು. 1880ರಲ್ಲಿ ಈ ಮ್ಯೂಸಿಯಂಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಚೂರು ಚೂರಾಗಿ, ಮತ್ತೆ ಜೋಡಿಸಿದ್ದೂ ಆಯಿತು. ಈಗ ದಿನಾ ಹನ್ನೆರಡಕ್ಕೆ ಗರ್ಜಿಸುವುದು ಹಾಗಿರಲಿ, ನೋಡಲು ಬಂದವರು ಮುಟ್ಟುವಂತೆಯೂ ಇಲ್ಲ.

ಹಾಗಾದರೆ ಚಿನ್ನದ ಹುಲಿ ಸುಳ್ಳೇ? ಪೂರ್ತಿ ಸುಳ್ಳಲ್ಲ. ಟಿಪ್ಪುವಿನ ಸಿಂಹಾಸನವನ್ನು ಗೆದ್ದವರು ಒಡೆದು ಹಂಚಿಕೊಂಡರು. ಅದರ ಚಿನ್ನದ ತಗಡು ಹೊದಿಸಿದ ಹುಲಿಯ ತಲೆ ವಿಂಡ್ಸರ್ ಅರಮನೆ ಸೇರಿದೆ. ನಮ್ಮ ಗೈಡಣ್ಣ ಅದರ ಚಿನ್ನವನ್ನು ಇದರ ಮೈಗೆ ಬಳಿದಿದ್ದರು, ಅಷ್ಟೆ. ಇವರು ಹೋಗುವ ಹಿಂದಿನ ತಿಂಗಳು, 2023ರ ಮೇ 23ರಂದು, ಟಿಪ್ಪುವಿನ ಒಂದು ಕತ್ತಿ ಅದೇ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹರಾಜಾಗಿತ್ತು.

"ಮೊದಲು ಹುಲಿ ನೋಡಿ ಸಂತೋಷ ಆಯ್ತು ಸಾ. ಆಮೇಲೆ ಮೊಮ್ಮಗಳ ಮುಖ ನೋಡ್ದೆ. ನಲವತ್ತು ವರ್ಷ ಎಷ್ಟು ಜನಕ್ಕೆ ಹೇಳಿದೀನಿ! ಎಷ್ಟು ಶಾಲೆ ಮಕ್ಕಳಿಗೆ! ಒಬ್ಬರೂ ಸುಳ್ಳು ಅನ್ನಲಿಲ್ಲ. ಕೊನೆಗೆ ನನ್ನ ಮನೆ ಕೂಸೇ ಹೇಳ್ತು."

ಮಗು ಹಟ ಹಿಡಿಯಲಿಲ್ಲ, ಅಳಲಿಲ್ಲ. "ಪರವಾಗಿಲ್ಲ ತಾತ, ಮರದ್ದೇ ಚೆನ್ನಾಗಿದೆ. ಸೋಮವಾರ ಕ್ಲಾಸಲ್ಲಿ ಸರಿಮಾಡಿ ಹೇಳ್ತೀನಿ" ಎಂದಿತಂತೆ. ಆ ಮಾತು ಗೈಡಣ್ಣನಿಗೆ ನಾಟಿತು. ಹೊರಡುವಾಗ ಅಂಗಡಿಯಲ್ಲಿ ಹುಲಿಯ ಚಿತ್ರದ ಪೋಸ್ಟ್ ಕಾರ್ಡೊಂದನ್ನು ಕೊಂಡರು.

ನಿಜಕ್ಕೆ ಎಷ್ಟು ಕಾಸು?

ಊರಿಗೆ ಬಂದ ಮೇಲೆ ಸುಮಾರು ದಿನ ಹುಲಿಯ ಸುದ್ದಿಯನ್ನೇ ಎತ್ತಲಿಲ್ಲ. ಟಿಪ್ಪು ಸತ್ತ ಜಾಗ ತೋರಿಸಿ ಕಥೆ ಮುಗಿಸಿಬಿಡುತ್ತಿದ್ದರು. ಒಂದು ದಿನ ಶಾಲೆಯ ಪ್ರವಾಸಕ್ಕೆ ಬಂದ ಹುಡುಗಿಯೊಬ್ಬಳು "ಹುಲಿ ಎಲ್ಲಿ ಅಂಕಲ್?" ಎಂದು ಕೇಳಿದಾಗ ಜೇಬಿನಿಂದ ಕಾರ್ಡು ತೆಗೆದರು. ಮರ, ತಿದಿ, ಹಿಡಿ, ಬಾಂಬು ಎಲ್ಲವನ್ನೂ ಹೇಳಿದರು. ಅಂದಿನಿಂದ ಇದೇ ಕಥೆ.

ಆದಾಯ? ಕಡಿಮೆಯಾಗಿದೆ, ಒಪ್ಪಿಕೊಳ್ಳುತ್ತಾರೆ. ಚಿನ್ನ ಎಂದರೆ ಬಿಚ್ಚುತ್ತಿದ್ದ ಕೈ ಮರ ಎಂದರೆ ಅಷ್ಟು ಬಿಚ್ಚುವುದಿಲ್ಲ. ಜೊತೆಯ ಗೈಡುಗಳ ಸಿಟ್ಟಿಗೂ ಕಾರಣ ಇದೇ. "ನೀನು ಮರ ಅಂದ್ರೆ, ಚಿನ್ನ ಅನ್ನೋ ನಾವು ಕಳ್ಳರಾ?" ಎಂದು ಒಬ್ಬ ಜಗಳಕ್ಕೇ ಬಂದನಂತೆ. ಅವನ ಮಾತಿನಲ್ಲೂ ನ್ಯಾಯ ಇದೆ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಅವನಿಗೆ ಲಂಡನ್ನಿಗೆ ಕರೆಸುವ ಅಳಿಯ ಇಲ್ಲ.

ಟಿಪ್ಪು ಎಂಥವನು ಎಂಬ ಜಗಳಕ್ಕೆ ಈ ಅಂಕಣದಲ್ಲಿ ಜಾಗವಿಲ್ಲ. ನಮ್ಮ ಊರಿನಿಂದ ಹೋದ ವಸ್ತು ಎಂಥದ್ದು ಎಂಬುದು ನಮ್ಮ ಮಕ್ಕಳಿಗಾದರೂ ಸರಿಯಾಗಿ ಗೊತ್ತಿರಬೇಡವೇ? ಗೈಡುಗಳಿಗೆ ವರ್ಷಕ್ಕೊಂದು ದಿನ ತಿಳಿದವರಿಂದ ಪಾಠ ಹೇಳಿಸಿ, ಆ ದಿನದ ಕೂಲಿಯನ್ನೂ ಕೊಟ್ಟರೆ ಇಲಾಖೆಯ ಗಂಟೇನು ಹೋಗುತ್ತದೆ? ಸಂಬಂಧಪಟ್ಟವರು ಯೋಚಿಸಲಿ.

ನಾವು ಎದ್ದು ಹೊರಟಾಗ ಗೈಡಣ್ಣ ಆ ಕಾರ್ಡನ್ನು ತೋರಿಸಿದರು. ಮೂಲೆಗಳು ಸವೆದಿವೆ, ಬೆವರಿಗೆ ಬಣ್ಣ ಮಾಸಿದೆ.

"ಇನ್ನೊಂದು ಕಳಿಸು ಅಂತ ಮೊಮ್ಮಗಳಿಗೆ ಹೇಳಿದೀನಿ ಸಾ. ಮಕ್ಕಳು ಕೈಗೆ ತಕೊಂಡು ನೋಡ್ಬೇಕು ಅಂತಾರೆ. ಬೇಡ ಅನ್ನೋಕಾಗುತ್ತಾ?"