ಬಂದೂಕಿನ ನಳಿಗೆಗೆ ಜಂಗು ಹಿಡಿದಾಗ

ಖಾನಾಪುರ ತಾಲೂಕಿನಲ್ಲಿ ಹಂದಿ ಬೆದರಿಸಲು ಲೈಸನ್ಸ್ ಬಂದೂಕು ಇಟ್ಟುಕೊಂಡ ರೈತರಿದ್ದೇವೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಬೇಕು. 2024ರಲ್ಲಿ ಮತ ಎಣಿಕೆ ಆದದ್ದೇ ಜೂನ್ 4ಕ್ಕೆ. ತಿರುಗಿ ಕೈಗೆ ಬರುವಾಗ ಮಳೆಗಾಲ. ನಮ್ಮ ಕಡೆ ಮಳೆ ಗೊತ್ತಲ್ಲ, ಕುಡಗೋಲು ಸಹ ನಾಲ್ಕು ದಿನಕ್ಕೆ ಕೆಂಪಾಗುತ್ತದೆ.

ನಳಿಗೆಯ ಮೇಲಿನ ಕಪ್ಪುನೀಲಿ ಬಣ್ಣ ಪೇಂಟ್ ಅಲ್ಲ. ಅದೂ ಒಂದು ಬಗೆಯ ಜಂಗೇ! ಕೆಂಪು ಜಂಗು ಹುಡಿಯಾಗಿ ಉದುರುತ್ತ ಒಳಗೆ ತಿನ್ನುತ್ತ ಹೋಗುತ್ತದೆ. ಕರಿಯದು ಮೈಗೆ ಕಚ್ಚಿಕೊಂಡು ಎಣ್ಣೆ ಹಿಡಿದಿಡುತ್ತದೆ. ಎಣ್ಣೆ ಒಣಗಿತೋ, ಅದರ ಕಾವಲು ಅಷ್ಟಕ್ಕಷ್ಟೇ. ಕೈ ಹಿಡಿಯುವ ಜಾಗದಲ್ಲಿ ಬೆವರಿನ ಉಪ್ಪಿಗೆ ಮೊದಲು ಹೋಗುತ್ತದೆ.

ಕೆಲಸಕ್ಕೆ ಕೂಡುವ ಮುಂಚೆ ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ನೋಡಿರಿ. ಬಾಯಿಂದ ಮದ್ದು ತುಂಬುವ ಬಂದೂಕಾದರೆ ಸಲಾಕೆ ಇಳಿಸಿ, ಅದು ತಳ ಮುಟ್ಟಿತೇ ಎಂದು ಹೊರಗಿನಿಂದ ಅಳತೆ ಹಿಡಿಯಿರಿ.

ಜಂಗಿನ ಮೇಲೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಅತೀ ನಯವಾದ ಸ್ಟೀಲ್ ವುಲ್‌ನಿಂದ ಹಗುರಾಗಿ ತಿಕ್ಕಬೇಕು. ಉಸುಕಿನ ಕಾಗದ ಬೇಡವೇ ಬೇಡ, ಉಳಿದ ಕರಿ ಬಣ್ಣವೂ ಅದರ ಸಂಗಡ ಹೋಗುತ್ತದೆ. ಆಮೇಲೆ ಸ್ಪಿರಿಟಿನಲ್ಲಿ ಅದ್ದಿದ ಅರಳೆಯಿಂದ ಜಿಡ್ಡು ಪೂರ್ತಿ ತೆಗೆಯಿರಿ. ಚಿಮಣಿ ಎಣ್ಣೆ ನಡೆಯುವುದಿಲ್ಲ, ಅದು ತಾನೇ ಜಿಡ್ಡು ಬಿಡುತ್ತದೆ. ನಳಿಗೆಯನ್ನು ಸ್ವಲ್ಪ ಬಿಸಿಲಿಗೆ ಇಟ್ಟು, ತಣ್ಣಗೆ ಹಚ್ಚುವ ಬ್ಲೂಯಿಂಗ್ ಔಷಧವನ್ನು ಬರೀ ಬೋಳಾದ ಜಾಗಕ್ಕೆ ಸವರಿ, ಕಪ್ಪಾದ ಮೇಲೆ ನೀರಿನಿಂದ ತೊಳೆದು ಒರೆಸಿರಿ. ಎರಡು-ಮೂರು ಸಲ ಹೀಗೆ ಮಾಡಿ, ಕೊನೆಗೆ ಎಣ್ಣೆ. ಮರುದಿನ ಮತ್ತೊಮ್ಮೆ ಎಣ್ಣೆ. ಈ ಔಷಧಗಳಲ್ಲಿ ಹೆಚ್ಚಾಗಿ ಸೆಲೆನಿಯಂ ಇರುತ್ತದೆ, ವಿಷವದು. ಕೈಗವಸು ಹಾಕಿಕೊಂಡು, ಬಯಲಲ್ಲಿ, ಮಕ್ಕಳಿಂದ ದೂರ ಕೂತು ಮಾಡಿರಿ. ಇದು ಸಣ್ಣ ಕಲೆಗಷ್ಟೇ ಸರಿ, ಮೂಲದಷ್ಟು ಬಾಳುವುದಿಲ್ಲ.

ಇಡೀ ನಳಿಗೆ ಬಣ್ಣಗೆಟ್ಟರೆ ಬೆಳಗಾವಿಗೆ ಒಯ್ದು ಲೈಸನ್ಸ್ ಇದ್ದ ರಿಪೇರಿಯವರಿಗೇ ಕೊಡುವುದು. ಜೋಡುನಳಿಗೆಯಾದರೆ ಒಂದು ಮಾತು ಗಟ್ಟಿಯಾಗಿ ಹೇಳಿರಿ: ಕುದಿಯುವ ಕಾಸ್ಟಿಕ್ ಉಪ್ಪಿನಲ್ಲಿ ಅದ್ದಬಾರದು. ಎರಡು ನಳಿಗೆ ಕೂಡಿಸುವ ಪಟ್ಟಿಯನ್ನು ಮೆದು ಬೆಸುಗೆಯಿಂದ ಹಚ್ಚಿರುತ್ತಾರೆ, ಕಾಸ್ಟಿಕ್ ಆ ಬೆಸುಗೆ ತಿನ್ನುತ್ತದೆ. ಅಂಥದಕ್ಕೆ ಹಳೇ ಪದ್ಧತಿಯೇ ಚಲೋ. ಬೇಕಂತಲೇ ತೆಳುವಾಗಿ ಜಂಗು ಹಿಡಿಸಿ, ನೀರಿನಲ್ಲಿ ಕುದಿಸುತ್ತಾರೆ, ಕೆಂಪು ಕಪ್ಪಾಗುತ್ತದೆ. ತಿಕ್ಕಿ ಮತ್ತೆ ಹಾಗೆಯೇ. ದಿನ ಹಿಡಿಯುತ್ತದೆ, ರೊಕ್ಕವೂ ಹೆಚ್ಚು.

ಯಾರೇ ತಿಕ್ಕಲಿ, ಬಂದೂಕಿನ ನಂಬರು ಅಳಿಯಬಾರದು. 1959ರ ಆಯುಧ ಕಾಯ್ದೆ ಪ್ರಕಾರ ಅದು ಅಪರಾಧ. ನಳಿಗೆಯ ಒಳಗೆ ಕುಳಿ ಬಿದ್ದಿದ್ದರೆ ಬಣ್ಣದ ಚಿಂತೆ ಬಿಟ್ಟು ಮೊದಲು ತೋರಿಸಿರಿ, ಅಲ್ಲಿಯತನಕ ಹಾರಿಸಬೇಡಿರಿ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಯೂ ಇಡಬೇಡಿರಿ, ಚರ್ಮ ತೇವ ಹೀರಿ ಕಬ್ಬಿಣಕ್ಕೆ ಕೊಡುತ್ತದೆ.