ಬೋಲ್ಟ್ ಆಕ್ಷನ್ ರೈಫಲ್ ಬೇಕಾ? ಮೊದಲು ಕಾನೂನು ನೋಡ್ರಿ, ಆಮೇಲೆ ಸ್ಕೋಪ್

‘ಕಡಿಮೆ ಬೆಲೆಯ ಬೋಲ್ಟ್ ಆಕ್ಷನ್ ರೈಫಲ್’ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದರೆ ಅಮೆರಿಕದವರ ವಿಡಿಯೋಗಳು ಸಾಲುಸಾಲಾಗಿ ಬರುತ್ತವೆ. ಅಂಗಡಿಗೆ ಹೋಗು, ರೈಫಲ್ ತಗೋ, ಮೇಲೊಂದು ಸ್ಕೋಪ್ ಕೂಡಿಸು, ಜಿಂಕೆ ಹೊಡಿ. ಆ ವಿಡಿಯೋ ನೋಡಿದ ಕಲಬುರಗಿಯ ಹುಡುಗರು ಆಫೀಸಿನಲ್ಲಿ ನನ್ನನ್ನು ಕೇಳುತ್ತಾರೆ. ಕಮಲಾಪುರದ ಕಡೆಯ ನಮ್ಮ ಕಾಕಾ ಕೇಳುವ ರೀತಿ ಬೇರೆ: “ಹಂದಿ ಹಿಂಡು ಬಂದು ಕಬ್ಬು ಮುರದು ಹಾಕ್ಯಾವ. ದೂರದಿಂದ ಹೊಡಿಯೋ ಬಂದೂಕ ಯಾವುದು ಛಲೋ ಐತಿ ಹೇಳಪಾ.”

ಇಬ್ಬರ ಪ್ರಶ್ನೆಯೂ ಒಂದೇ ಥರ ಕೇಳಿಸುತ್ತದೆ. ಉತ್ತರ ಮಾತ್ರ ಬೇರೆ ಬೇರೆ.

ಬೇಟೆ ಅನ್ನೋದು ಇಲ್ಲವೇ ಇಲ್ಲ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಈಗ ಹವ್ಯಾಸಕ್ಕೆ ಬೇಟೆಯಾಡುವುದು ಅಪರಾಧ. ಕೃಷ್ಣಮೃಗ, ನವಿಲು ಮೊದಲ ಅನುಸೂಚಿಯಲ್ಲಿವೆ. ಅವುಗಳನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಅದು ಬೆಳೆ ಹಾಳು ಮಾಡಿದರೂ ರೈತ ತಾನೇ ಹೊಡೆಯುವಂತಿಲ್ಲ. ಕಾಯ್ದೆಯ 11ನೇ ಕಲಂ ಪ್ರಕಾರ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿ ಲಿಖಿತ ಅನುಮತಿ ಕೊಡಬೇಕು.

ಬಂದೂಕಿನ ಲೈಸೆನ್ಸ್ ಇದ್ದರೆ ಸಾಕು ಅಂತ ಹಳ್ಳಿಯಲ್ಲಿ ಬಹಳ ಮಂದಿ ತಿಳಕೊಂಡಿದ್ದಾರೆ. ಲೈಸೆನ್ಸ್ ಬಂದೂಕು ಇಟ್ಟುಕೊಳ್ಳೋಕೆ ಅನುಮತಿ, ಪ್ರಾಣಿ ಕೊಲ್ಲೋಕೆ ಅಲ್ಲ. ಲೈಸೆನ್ಸ್ ಇಲ್ಲದ ನಾಡಬಂದೂಕಂತೂ ಸಿಕ್ಕಿಬಿದ್ದರೆ ಹೊಲದ ಜೊತೆ ಮನೆಯನ್ನೂ ಕೋರ್ಟಿಗೆ ಎಳೆಯುತ್ತದೆ.

ಇನ್ನೊಂದು ಲೆಕ್ಕವೂ ಇದೆ. ನಮ್ಮದು ಬಯಲು ಸೀಮೆ, ಗುಂಡು ತಡೆಯೋಕೆ ಗುಡ್ಡ ಇಲ್ಲ. ಸಣ್ಣ .22 ಗುಂಡು ಕೂಡ ಒಂದು ಮೈಲಿಗಿಂತ ದೂರ ಹೋಗಬಲ್ಲದು. ರಾತ್ರಿ ಹಂದಿಗೆ ಅಂತ ಹಾರಿಸಿದ್ದು ತಪ್ಪಿದರೆ ಪಕ್ಕದ ಹೊಲ ಕಾಯುವವನಿಗೆ ತಗುಲಬಹುದು.

ಹಾಗಾಗಿ ಕಾಕಾನಿಗೆ ನಾನು ಹೇಳಿದ್ದು: ರೈಫಲ್ಲಿನ ದುಡ್ಡನ್ನು ಸೋಲಾರ್ ಬೇಲಿಗೆ ಹಾಕು. ಹಾಳಾದ ಬೆಳೆಯ ಫೋಟೋ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡು. ಆದರೆ ಬೇಲಿಗೆ ನೇರ ಕರೆಂಟ್ ಮಾತ್ರ ಕೊಡಬೇಡ. ಹಂದಿಗಿಂತ ಮೊದಲು ಮನುಷ್ಯ ಸಾಯ್ತಾನೆ.

ನಿಜವಾದ ಬೋಲ್ಟ್ ಆಕ್ಷನ್ ಯಾರಿಗೆ?

ಬೋಲ್ಟ್ ಅಂದರೆ ಬಾಗಿಲ ಚಿಲಕ ಇದ್ದಂಗೆ. ಎತ್ತಿ ಹಿಂದಕ್ಕೆ ಎಳೆದರೆ ಖಾಲಿ ಕೇಪು ಹೊರಗೆ. ಮುಂದೆ ತಳ್ಳಿ ಕೆಳಗೆ ಒತ್ತಿದರೆ ಹೊಸ ಗುಂಡು ಒಳಗೆ, ಬಾಗಿಲು ಭದ್ರ. ಭಾಗಗಳು ಕಡಿಮೆ, ಹಿಡಿತ ಗಟ್ಟಿ, ಆದ್ದರಿಂದ ಗುರಿ ನಿಖರ.

ನಮ್ಮಲ್ಲಿ ಸಾಮಾನ್ಯರಿಗೆ ಸಿಗುವ ಪ್ರಸಿದ್ಧ ಬೋಲ್ಟ್ ಆಕ್ಷನ್ ಎಂದರೆ ಸರ್ಕಾರಿ ಆರ್ಡನೆನ್ಸ್ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಹಳೇ ಲೀ-ಎನ್‌ಫೀಲ್ಡ್ ವಂಶದ್ದು. ಇದರ ಜೊತೆ ಬರುವುದು ಕಬ್ಬಿಣದ ಸೈಟ್, ಸ್ಕೋಪ್ ಅಲ್ಲ. ವಿದೇಶಿ ಬಂದೂಕಿನ ಆಮದಿಗೆ 1980ರ ದಶಕದಿಂದಲೇ ಬಿಗಿ ನಿರ್ಬಂಧ ಇರುವುದರಿಂದ ಯೂಟ್ಯೂಬ್‌ನ ‘ಅಗ್ಗದ’ ಮಾಡೆಲ್‌ಗಳು ನಮಗೆ ಸಿಗುವುದಿಲ್ಲ.

ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ಪರಿಶೀಲನೆ, ಸುರಕ್ಷತಾ ತರಬೇತಿ, ಬಂದೂಕು ಯಾಕೆ ಬೇಕು ಅನ್ನೋದಕ್ಕೆ ಒಪ್ಪುವಂಥ ಕಾರಣ ಬೇಕು. ಕಲಬುರಗಿ ನಗರದವರು ಪೊಲೀಸ್ ಕಮಿಷನರ್ ಕಚೇರಿಗೆ, ಕಮಲಾಪುರದವರು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಚುನಾವಣೆ ಬಂತೆಂದರೆ ಬಂದೂಕನ್ನು ಠಾಣೆಗೆ ಒಪ್ಪಿಸುವ ಓಡಾಟ ಬೇರೆ.

ಕೊಡಗಿನವರಿಗೆ ಸುಲಭ ಅಲ್ವಾ ಅಂತ ಕೇಳುವವರಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇರೋದು ನಿಜ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಆದರೆ ಬೇಟೆಯ ನಿಷೇಧ ಅವರಿಗೂ ಒಂದೇ.

ಕೈಗೆಟುಕುವ ದಾರಿ: ಏರ್ ರೈಫಲ್

ಗುರಿ ಹೊಡೆಯುವ ಹವ್ಯಾಸ ಬೇಕು ಅನ್ನೋ ಹುಡುಗರಿಗೆ ನನ್ನ ಉತ್ತರ ಏರ್ ರೈಫಲ್. 4.5 ಮಿ.ಮೀ. (.177) ಪೆಲೆಟ್, 20 ಜೌಲ್‌ಗಿಂತ ಕಡಿಮೆ ಶಕ್ತಿ ಇದ್ದರೆ ಲೈಸೆನ್ಸ್ ಬೇಡ, ಗುರುತಿನ ಚೀಟಿ ಕೊಟ್ಟು ಬಿಲ್ ಸಮೇತ ತಗೊಳ್ಳಿ. ಲೆಕ್ಕ ನೀವೇ ಮಾಡಬಹುದು. 0.52 ಗ್ರಾಂ ಪೆಲೆಟ್ ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 16 ಜೌಲ್. ಪಿಯುಸಿಯ ಅದೇ ಅರ್ಧ ಎಂ-ವಿ-ಸ್ಕ್ವೇರ್.

ಮೊದಲ ಸಲ ತಗೊಳ್ಳುವವರಿಗೆ ಭಾರತದಲ್ಲೇ ತಯಾರಾಗುವ ಸ್ಪ್ರಿಂಗ್ ರೈಫಲ್ ಸಾಕು. ಅಂಗಡಿಯಲ್ಲಿ ಭುಜಕ್ಕಿಟ್ಟು ನೋಡಿ: ಕತ್ತು ಬಗ್ಗಿಸದೆ ಸೈಟ್ ಕಾಣಬೇಕು, ಟ್ರಿಗರ್ ಜರ್ಕ್ ಇಲ್ಲದೆ ಬಿಡಬೇಕು. ಎರಡು-ಮೂರು ಬಗೆಯ ಪೆಲೆಟ್ ತಂದು ಯಾವುದು ಒಂದೇ ಕಡೆ ಗುಂಪಾಗಿ ಬೀಳುತ್ತದೋ ಅದನ್ನೇ ಬಳಸಿ.

ಸ್ಕೋಪ್ ಕೊಳ್ಳುವಾಗ

3-9x40 ಅಂತ ಬರೆದಿದ್ದರೆ 3ರಿಂದ 9 ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 40 ಮಿ.ಮೀ. ಇದಕ್ಕಿಂತ ಹೆಚ್ಚಿನ ಪವರ್ ಆರಂಭಿಕರಿಗೆ ದುಡ್ಡು ದಂಡ, ಕೈ ನಡುಕವೂ ದೊಡ್ಡದಾಗಿಯೇ ಕಾಣುತ್ತದೆ. ಮೂರು ಸಂಗತಿ ಕೇಳಿ:

ಒಂದು, ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಎರಡೂ ಕಡೆ ಜಗ್ಗುತ್ತದೆ. ಸಾದಾ ಸ್ಕೋಪಿನ ಒಳಭಾಗ ಇದಕ್ಕೆ ಸಡಿಲಾಗುತ್ತದೆ. ಏರ್‌ಗನ್‌ಗೆ ಅಂತಲೇ ಮಾಡಿದ್ದು ಬೇಕು.

ಎರಡು, ಪ್ಯಾರಾಲಾಕ್ಸ್ ಹೊಂದಿಸುವ ಸೌಲಭ್ಯ 10 ಮೀಟರ್‌ವರೆಗೆ ಬರಬೇಕು. ಬಂದೂಕಿನ ಸ್ಕೋಪ್‌ಗಳು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿದವು. ಹತ್ತಿರದ ಗುರಿ ಮಸುಕಾಗುತ್ತದೆ.

ಮೂರು, ಮೌಂಟ್ ನಿಮ್ಮ ರೈಫಲ್ಲಿನ ರೈಲಿಗೆ ಹೊಂದಬೇಕು. ಏರ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 11 ಮಿ.ಮೀ. ಡವ್‌ಟೇಲ್ ಇರುತ್ತದೆ.

ಕಾಲು ಎಂ.ಓ.ಎ. ಸ್ಕೋಪಿನ ಒಂದು ಕ್ಲಿಕ್ 100 ಮೀಟರ್‌ನಲ್ಲಿ ಸುಮಾರು 7 ಮಿ.ಮೀ. ಸರಿಸಿದರೆ, 10 ಮೀಟರ್‌ನಲ್ಲಿ 0.7 ಮಿ.ಮೀ. ಮಾತ್ರ. ಪೆಲೆಟ್ 2 ಸೆಂ.ಮೀ. ಎಡಕ್ಕೆ ಬಿದ್ದರೆ ಸುಮಾರು 27 ಕ್ಲಿಕ್ ಬಲಕ್ಕೆ. ಸ್ಕೋಪ್ ಕೆಟ್ಟಿದೆ ಅಂತ ವಾಪಸ್ ಕೊಡುವ ಮೊದಲು ಇಷ್ಟು ತಿರುಗಿಸಿ ನೋಡಿ.

ಸ್ಪರ್ಧೆಯ ಕನಸಿದ್ದರೆ ಸ್ಕೋಪ್ ಬೇಡವೇ ಬೇಡ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್‌ನಲ್ಲಿ ಸ್ಕೋಪಿಗೆ ಅವಕಾಶವಿಲ್ಲ. ಸಣ್ಣ ತೂತಿನ ಪೀಪ್ ಸೈಟ್ ಮಾತ್ರ. ಗುರಿಯ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿ.ಮೀ. 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ, ರೈಲ್ವೆ ನೌಕರಿಯಲ್ಲಿದ್ದುಕೊಂಡೇ .22 ರೈಫಲ್ಲಿನಲ್ಲಿ ಅಭ್ಯಾಸ ಮಾಡಿದವರು. ನೌಕರಿ ಮಾಡುವ ನಮಗೂ ವಾರಕ್ಕೆರಡು ಸಂಜೆ ಸಿಗದೇ ಇರಲ್ಲ.

ಕೊನೆಯದಾಗಿ, ಏರ್ ರೈಫಲ್ ಆಟಿಕೆ ಅಲ್ಲ. ಗುರಿಯ ಹಿಂದೆ ಪೆಲೆಟ್ ತಡೆಯುವ ಪೆಟ್ಟಿಗೆ, ಕಣ್ಣಿಗೆ ಕನ್ನಡಕ, ಮಕ್ಕಳ ಕೈಗೆ ಸಿಗದ ಬೀರು, ಈ ಮೂರಕ್ಕೂ ಬಜೆಟ್ ಇಡಿ. ಪಾರಿವಾಳ, ಗಿಳಿ, ಅಳಿಲಿನ ಕಡೆ ತಿರುಗಿಸಬೇಡಿ. ಲೈಸೆನ್ಸ್ ಬೇಡದ ರೈಫಲ್ಲಿನಿಂದ ಹೊಡೆದರೂ ಕಾನೂನಿನ ಕಣ್ಣಿಗೆ ಅದು ಬೇಟೆಯೇ.