ನಿಮಗಿದು ಗೊತ್ತೆ? ಎರಡು ಗಂಟೆಯ ಪೈಪೋಟಿ, ಫೋಟೊದಲ್ಲಿ ತೀರ್ಪು!

ಮಂಗಳೂರಿನ ತಣ್ಣೀರುಬಾವಿ ಕಡಲತೀರ 2024ರಲ್ಲಿ ಟ್ರಯಥ್ಲಾನ್ ಕಂಡಿತು. ಮೊದಲು ಈಜು, ಬಳಿಕ ಸೈಕಲ್, ಕೊನೆಗೆ ಓಟ. 2000ದಲ್ಲಿ ಸಿಡ್ನಿಯಲ್ಲಿ ಒಲಿಂಪಿಕ್ಸ್‌ಗೆ ಕಾಲಿಟ್ಟ ಈ ಕ್ರೀಡೆಯ ಒಲಿಂಪಿಕ್ ದೂರ ಕ್ರಮವಾಗಿ 1.5, 40 ಮತ್ತು 10 ಕಿ.ಮೀ.; ಸ್ಪ್ರಿಂಟ್‌ನಲ್ಲಿ ಇದರ ಅರ್ಧ.

ನೋಡುಗರಿಗೆ ನಿಜವಾದ ಮಜಾ ಇರುವುದು ಒಂದರಿಂದ ಇನ್ನೊಂದಕ್ಕೆ ಹೊರಳುವ ಜಾಗದಲ್ಲಿ. ಅಲ್ಲೂ ಗಡಿಯಾರ ನಿಲ್ಲುವುದಿಲ್ಲ! ಅದಕ್ಕೇ ಶೂಗಳನ್ನು ಮೊದಲೇ ಪೆಡಲಿಗೆ ಸಿಕ್ಕಿಸಿಟ್ಟಿರುತ್ತಾರೆ; ಸೈಕಲ್ ಓಡತೊಡಗಿದ ಮೇಲೆಯೇ ಕಾಲು ತೂರಿಸುವುದು. ಒಲಿಂಪಿಕ್ ದೂರದ ಎಲೀಟ್ ಸ್ಪರ್ಧೆಗಳಲ್ಲಿ ಸೈಕಲ್ ತುಳಿಯುವಾಗ ಮುಂದಿನವರ ಬೆನ್ನಿಗೇ ಅಂಟಿಕೊಂಡು ಗಾಳಿಯ ಹೊಡೆತ ತಪ್ಪಿಸಿಕೊಳ್ಳಲು ಅವಕಾಶವಿದೆ. ಹೀಗಾಗಿ ಗುಂಪು ಸುಲಭಕ್ಕೆ ಒಡೆಯದು, ತೀರ್ಮಾನ ಓಟದವರೆಗೂ ಎಳೆಯುತ್ತದೆ.

2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳಾ ವಿಭಾಗದಲ್ಲಿ ಸ್ವಿಟ್ಜರ್ಲೆಂಡ್‌ನ ನಿಕೋಲಾ ಸ್ಪಿರಿಗ್, ಸ್ವೀಡನ್‌ನ ಲೀಸಾ ನೋರ್ಡೇನ್ ಇಬ್ಬರ ಸಮಯವೂ 1 ಗಂಟೆ 59 ನಿಮಿಷ 48 ಸೆಕೆಂಡು. ಕಂಬಳದಲ್ಲಿ ಕೋಣಗಳ ಓಟ ಮುಗಿಯುವ ಮಂಜೊಟ್ಟಿಯಲ್ಲಿ ಉಸಿರು ಬಿಗಿಹಿಡಿದು ನಿಂತವರಿಗೆ ಈ ತಳಮಳ ಹೊಸದೇನಲ್ಲ ಬಿಡಿ. ಗೆರೆ ದಾಟಿದ ಕ್ಷಣದ ಫೋಟೊ ನೋಡಿ ಸ್ಪಿರಿಗ್‌ಗೆ ಚಿನ್ನ ಕೊಟ್ಟರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ವಿಭಾಗದಲ್ಲಿ ನ್ಯೂಜಿಲೆಂಡ್‌ನ ಹೇಡನ್ ವೈಲ್ಡ್ ಗೆದ್ದೇಬಿಟ್ಟರು ಎನ್ನುವಷ್ಟರಲ್ಲಿ, ಬ್ರಿಟನ್‌ನ ಅಲೆಕ್ಸ್ ಯೀ ಕೊನೆಯ ಕೆಲವೇ ನೂರು ಮೀಟರ್‌ಗಳಲ್ಲಿ ಅವರನ್ನು ಹಿಂದಿಕ್ಕಿ 6 ಸೆಕೆಂಡು ಮೊದಲೇ ಗುರಿ ಮುಟ್ಟಿದರು.